ಅಜ್ಜ ಪಾಸಾಗದ ಮದ್ರಾಸು

ನಮ್ಮ ಮನೆಯಲ್ಲಿ ದೋಸೆ ಕಾವಲಿ ಬಿಟ್ಟು ಏಳದಿದ್ದರೆ "ಸೆಪ್ಟೆಂಬರಿಗೆ ಕಟ್ಟಿದರಾಯಿತು" ಎನ್ನುತ್ತೇವೆ. ಅಡಿಕೆಗೆ ಕೊಳೆರೋಗ ಬಂದರೂ ಅದೇ ಮಾತು. ತಮ್ಮನಿಗೆ ನೋಡಿದ ಒಂದು ಸಂಬಂಧ ಮುರಿದು ಬಿದ್ದಾಗ ಅಪ್ಪ ಫೋನ್ ಕೆಳಗಿಟ್ಟು ಹೇಳಿದ್ದೂ ಅದನ್ನೇ. ಹೊರಗಿನವರಿಗೆ ಇದು ತಲೆಬುಡ ಅರ್ಥ ಆಗುವುದಿಲ್ಲ. ತಮ್ಮನ ಹೆಂಡತಿ ಮದುವೆಯಾಗಿ ಬಂದ ಹೊಸದರಲ್ಲಿ, ಈ ಮನೆಯವರು ಸೆಪ್ಟೆಂಬರಿನಲ್ಲಿ ಎಂತದೋ ವ್ರತ ಮಾಡುತ್ತಾರೆ ಅಂದುಕೊಂಡಿದ್ದಳಂತೆ.

ಮಾತು ಅಜ್ಜನದ್ದು. ಅಜ್ಜ 1940ರ ಮಾರ್ಚಿನಲ್ಲಿ ಮಂಗಳೂರಿನಲ್ಲಿ ಇಂಟರ್‌ಮೀಡಿಯೆಟ್ ಪರೀಕ್ಷೆಗೆ ಕೂತು ಫೇಲಾದರು. ಇಂಗ್ಲಿಷ್ ಪಾಸು. ಕನ್ನಡ ಪಾಸು, ಅದೂ ಒಳ್ಳೆ ಮಾರ್ಕು. ಗಣಿತದಲ್ಲಿ ಡುಮ್ಕಿ. ಕಾರಣ ಅವರೇ ಹೇಳುತ್ತಿದ್ದರು. ಹಿಂದಿನ ರಾತ್ರಿ ಊರಿನ ಕಡೆಯವರು ಸೇರಿ ಎಲ್ಲೋ ತಾಳಮದ್ದಳೆ, ಅಂದರೆ ವೇಷ ಕುಣಿತ ಇಲ್ಲದೆ ಕೂತು ಅರ್ಥ ಹೇಳುವ ಯಕ್ಷಗಾನ, ಇಟ್ಟುಕೊಂಡಿದ್ದರು. ಅಜ್ಜನದ್ದು ವಾಲಿ. ಕುಂಬಳೆ ಸೀಮೆಯ ಹುಡುಗ, ಯಕ್ಷಗಾನ ಕವಿ ಪಾರ್ತಿಸುಬ್ಬನ ನೆಲದವನು, ವಾಲಿಯ ಅರ್ಥ ಹೇಳಲು ಸಿಕ್ಕಿದರೆ ಬಿಡುತ್ತಾನಾ? "ವಾಲಿ ಸಾಯುವಾಗ ಬೆಳಗಾಯಿತು. ಹತ್ತು ಗಂಟೆಗೆ ಗಣಿತ. ಅಲ್ಲಿ ನಾನು ಸತ್ತೆ" ಎಂದು ಅಜ್ಜ ನಗುತ್ತಿದ್ದರು. ಸೆಪ್ಟೆಂಬರಿನಲ್ಲಿ ಇನ್ನೊಂದು ಪರೀಕ್ಷೆ ಇರುತ್ತಿತ್ತು. ದುಡ್ಡು ಕಟ್ಟಿದರು. ಆಗ ಚಳಿಜ್ವರ ಬಂದು ಮಲಗಿದರು. ಮರುವರ್ಷದ ದುಡ್ಡು ತೋಟಕ್ಕೆ ಹೋಯಿತು. ಆಮೇಲಿನ ಸೆಪ್ಟೆಂಬರು ಬರಲೇ ಇಲ್ಲ. ಟ್ರೈನಿಂಗ್ ಮುಗಿಸಿ ಬದಿಯಡ್ಕದ ಆಚೆ ಒಂದು ಕನ್ನಡ ಶಾಲೆಗೆ ಮಾಸ್ಟ್ರಾಗಿ ಸೇರಿದರು. ಅಲ್ಲಿ ಮೂವತ್ತು ಚಿಲ್ಲರೆ ವರ್ಷ ಅವರು ಕಲಿಸಿದ್ದು ಯಾವ ವಿಷಯ ಗೊತ್ತಾ? ಲೆಕ್ಕ. ಊರಲ್ಲಿ ಇವತ್ತಿಗೂ ಹಳಬರು ನಮ್ಮ ಮನೆಗೆ "ಲೆಕ್ಕದ ಮಾಸ್ಟ್ರ ಮನೆ" ಎಂದೇ ದಾರಿ ಹೇಳುವುದು.

ಆ ಫೇಲಾದ ಅಂಕಪಟ್ಟಿ ನಮ್ಮಲ್ಲಿ ಉಂಟು. ಅಟ್ಟದ ಟ್ರಂಕಿನಲ್ಲಿ, ಜಾಗದ ಆಧಾರಗಳ ಜೊತೆ. ಅಂಗೈಗಿಂತ ಸ್ವಲ್ಪ ದೊಡ್ಡ ಕಾಗದ, ನಾಲ್ಕು ಮಡಿಕೆ. ಮಡಿಕೆ ಸೇರುವ ನಡುಮಧ್ಯದಲ್ಲಿ ಕಡಲೆಕಾಳಿನಷ್ಟು ತೂತು. ಅಂಚನ್ನು ಹುಳು ತಿಂದಿದೆ, ಆದರೆ ಗಣಿತದ ಮಾರ್ಕನ್ನು ಮುಟ್ಟಿಲ್ಲ. 19. ಒಂಬತ್ತರ ಬಾಲ ಉದ್ದಕ್ಕೆ ಎಳೆದಿದೆ, ಬರೆದವರಿಗೆ ಎಂತದೋ ಖುಷಿ ಆಗಿರಬೇಕು. ಮೇಲೆ ದಪ್ಪ ಇಂಗ್ಲಿಷ್ ಅಕ್ಷರದಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಹೆಸರು. ಅಜ್ಜ ಮದ್ರಾಸನ್ನು ನೋಡಿದವರಲ್ಲ. ಅವರಿಗೆ ಆ ವಿಶ್ವವಿದ್ಯಾಲಯ ಅಂದರೆ ಈ ಕಾಗದ, ಅಷ್ಟೇ.

ಅದು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಒಬ್ಬ ಹುಡುಗನನ್ನು ಇಷ್ಟು ದೂರದಿಂದ ಫೇಲು ಮಾಡಿದ ಆ ಮನೆ ಹೇಗಿದ್ದೀತು? ಒಮ್ಮೆ ನೋಡಿ ಬರಬೇಕು.

ಇನ್ನೊಂದು ಕಾರಣವೂ ಇತ್ತು. ನಮ್ಮ ಮನೆಯ ಸರ್ಟಿಫಿಕೇಟುಗಳನ್ನು ಒಂದರ ಪಕ್ಕ ಒಂದು ಹಾಸಿದರೆ ತಮಾಷೆಯಾಗಿ ಕಾಣುತ್ತದೆ. ಅಜ್ಜನದ್ದು ಮದ್ರಾಸು. ಅಪ್ಪ ಓದಿದ್ದು ಕಾಸರಗೋಡಿನ ಸರ್ಕಾರಿ ಕಾಲೇಜಿನಲ್ಲಿ, ಅದು ಶುರುವಾದದ್ದು 1957ರಲ್ಲಿ. ಪ್ರಿ ಡಿಗ್ರಿ ಮುಗಿಸುವಾಗ ಅವರ ಕಾಗದದ ಮೇಲೆ ಕೇರಳ ವಿಶ್ವವಿದ್ಯಾಲಯ. ಅಷ್ಟರಲ್ಲಿ 1968ಕ್ಕೆ ಕಲ್ಲಿಕೋಟೆ ವಿಶ್ವವಿದ್ಯಾಲಯ ಹುಟ್ಟಿತು, ಡಿಗ್ರಿ ಅದರದ್ದು. ಕಾಲೇಜು ಅದೇ, ಬೆಂಚು ಅದೇ, ಬಸ್ಸೂ ಅದೇ. ನನ್ನ ಬಿ.ಎ. ಕೂಡ ಕಲ್ಲಿಕೋಟೆ. ಎಂ.ಎ.ಗೆ ನಾನು ಗಡಿ ದಾಟಿ ಕೊಣಾಜೆಗೆ ಹೋದೆ, ಅದು ಮಂಗಳೂರು ವಿಶ್ವವಿದ್ಯಾಲಯ, 1980ರದ್ದು. ತಮ್ಮ ಕಾಲೇಜಿಗೆ ಹೋಗುವ ಹೊತ್ತಿಗೆ 1996ರಲ್ಲಿ ಕಣ್ಣೂರು ವಿಶ್ವವಿದ್ಯಾಲಯ ಬಂದಿತ್ತು. ಮಗಳು ಎಂಜಿನಿಯರಿಂಗ್ ಮಾಡಿದ್ದು ಮಂಗಳೂರಿನ ಹತ್ತಿರ, ಸರ್ಟಿಫಿಕೇಟು ಬಂದದ್ದು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದಿಂದ. ನಾಲ್ಕು ತಲೆಮಾರು, ಆರು ವಿಶ್ವವಿದ್ಯಾಲಯ. ಮನೆ ಮಾತ್ರ ಒಂದೇ. ಹಟ್ಟಿಯನ್ನು ಸ್ವಲ್ಪ ಆಚೆ ಸರಿಸಿದ್ದು ಬಿಟ್ಟರೆ ಎಂತದೂ ಕದಲಿಲ್ಲ.

1956ರ ನವೆಂಬರ್ 1ರ ಕಥೆ ನಮ್ಮ ಕಡೆಯವರಿಗೆಲ್ಲ ಗೊತ್ತು. ಅದಕ್ಕೆ ಮುಂಚೆ ಕಾಸರಗೋಡು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಅವತ್ತಿನಿಂದ ಕೇರಳ. 1967ರಲ್ಲಿ ಗಡಿ ವಿವಾದದ ಮಹಾಜನ ಆಯೋಗದ ವರದಿ ಚಂದ್ರಗಿರಿ ಹೊಳೆಯಿಂದ ಉತ್ತರದ ಭಾಗ ಮೈಸೂರಿಗೆ ಸೇರಲಿ ಎಂದಿತು. ಸೇರಲಿಲ್ಲ. ಇದರ ಮೇಲೆ ನಾನು ಹೊಸದಾಗಿ ಹೇಳುವಂಥದ್ದು ಏನೂ ಇಲ್ಲ. ಅಜ್ಜ ಹೇಳುತ್ತಿದ್ದ ಒಂದು ಸಂಗತಿ ಮಾತ್ರ ನೆನಪಾಗುತ್ತದೆ. ರಾಜ್ಯ ಬದಲಾದ ಮೇಲೂ ಅವರ ಶಾಲೆಗೆ ಹೊಸ ಸೀಲು ಬರಲು ತಿಂಗಳುಗಟ್ಟಲೆ ಹಿಡಿಯಿತಂತೆ. ಅಷ್ಟು ದಿನ ಹಳೇ ಸೀಲಿನ ಮೇಲಿದ್ದ 'ಮದ್ರಾಸ್' ಎನ್ನುವ ಜಾಗಕ್ಕೆ ಶಾಯಿ ತಾಗದ ಹಾಗೆ ಹೆಡ್‌ಮಾಸ್ಟ್ರು ಬೆರಳಲ್ಲಿ ಒರೆಸಿ ಒರೆಸಿ ಹೊಡೆಯುತ್ತಿದ್ದರಂತೆ.

ಮಗಳು ಈಗ ಚೆನ್ನೈಯಲ್ಲಿ ಕೆಲಸದಲ್ಲಿದ್ದಾಳೆ, ತರಮಣಿ ಕಡೆ. ಕ್ರಿಸ್‌ಮಸ್ ರಜೆಯಲ್ಲಿ ಅವಳನ್ನು ನೋಡುವ ನೆವ ಮಾಡಿ ಹೊರಟೆ. ಮಧ್ಯಾಹ್ನದ ಚೆನ್ನೈ ಮೇಲ್. ಅಪ್ಪನ ಬಾಯಲ್ಲಿ ಅದು ಇನ್ನೂ ಮದ್ರಾಸ್ ಮೇಲ್. ಹತ್ತಿರ ಹತ್ತಿರ 15 ಗಂಟೆ ಪ್ರಯಾಣ. ಚಂದ್ರಗಿರಿ ದಾಟಿ, ಕಣ್ಣೂರು, ಕಲ್ಲಿಕೋಟೆ ದಾಟಿ, ಶೋರನೂರಿನಲ್ಲಿ ಪೂರ್ವಕ್ಕೆ ತಿರುಗಿ, ಪಾಲಕ್ಕಾಡಿನ ಗಾಳಿ ಕಿಟಕಿಗೆ ಹೊಡೆಯುವಾಗ ಕತ್ತಲಾಗಿತ್ತು. ಅಂಕಪಟ್ಟಿಯ ಝೆರಾಕ್ಸ್ ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೆ. ಮೂಲ ಕಾಗದವನ್ನು ಟ್ರಂಕಿನಿಂದ ಹೊರಗೆ ಒಯ್ಯಲು ಅಪ್ಪ ಬಿಡಲಿಲ್ಲ. "ಕಳೆದುಹೋದರೆ ಡ್ಯೂಪ್ಲಿಕೇಟ್ ಎಲ್ಲಿಂದ ತರುವುದು?" ಅಂದರು. ಫೇಲಾದದ್ದಕ್ಕೆ ಡ್ಯೂಪ್ಲಿಕೇಟ್!

ಮಲಗಿದಾಗ ಗೋವಿಂದ ಪೈಗಳು ನೆನಪಾದರು. ಮಂಜೇಶ್ವರದ ಪೈಗಳು ಓದಲು ಮದ್ರಾಸಿಗೆ ಹೋದ ಕಾಲಕ್ಕೆ ನಮ್ಮೂರಿಗೆ ರೈಲೇ ಇರಲಿಲ್ಲ. ಮಂಗಳೂರಿನವರೆಗೆ ಹಳಿ ಬಂದದ್ದು 1907ರಲ್ಲಿ. ಪೈಗಳು ಅಷ್ಟರಲ್ಲಿ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಓದು ಅರ್ಧಕ್ಕೆ ಬಿಟ್ಟು ಊರಿಗೆ ಬಂದಾಗಿತ್ತು. ತಂದೆ ತೀರಿಕೊಂಡದ್ದರಿಂದ ಅವರ ಬಿ.ಎ. ಪೂರ್ತಿ ಆಗಲಿಲ್ಲ. ಇಂಗ್ಲಿಷಿನಲ್ಲಿ ಮಾತ್ರ ಚಿನ್ನದ ಪದಕ ಬಂತು. ಇದು ಅಜ್ಜನ ಬತ್ತಳಿಕೆಯ ದೊಡ್ಡ ಬಾಣ. ಯಾರಾದರೂ ಇಂಟರ್ ವಿಷಯ ಎತ್ತಿದರೆ ಸಾಕು, "ಗೋವಿಂದ ಪೈಗಳೂ ಬಿ.ಎ. ಮುಗಿಸಿಲ್ಲ, ಗೊತ್ತುಂಟಾ?" ಎಂದು ಶುರು ಮಾಡುತ್ತಿದ್ದರು. ಓದು ಮುಗಿಸದೆ ಮದ್ರಾಸು ಬಿಟ್ಟವರನ್ನು 1949ರಲ್ಲಿ ಅದೇ ಮದ್ರಾಸ್ ಸರ್ಕಾರ ರಾಷ್ಟ್ರಕವಿ ಎಂದು ಕರೆಯಿತು. ಅಜ್ಜ ಅದನ್ನು ಹೇಳುವ ಧಾಟಿ ನೋಡಿದರೆ, ಅರ್ಧ ಗೌರವ ತನಗೂ ಬಂದ ಹಾಗೆ.

ಶನಿವಾರ ಬೆಳಗ್ಗೆ ಮಗಳು ನನ್ನನ್ನು ವೇಳಚೇರಿಯಿಂದ ಹಾರುವ ರೈಲಿಗೆ ಹತ್ತಿಸಿದಳು. ಅಲ್ಲಿಯವರು ಅದನ್ನು 'ಪರಕ್ಕುಂ ರೈಲ್' ಎನ್ನುವುದು. ರಸ್ತೆಗಿಂತ ಮೇಲೆ, ಕಂಬಗಳ ಮೇಲೆ ಓಡುತ್ತದೆ. ಚೇಪಾಕ್ ಸ್ಟೇಷನ್‌ನಲ್ಲಿ ಇಳಿದೆವು. ಸ್ಟೇಷನ್ನು ದೊಡ್ಡದು, ಜನ ಕಡಿಮೆ, ಪಾರಿವಾಳ ಜಾಸ್ತಿ. ಒಂದು ಕಡೆ ಕ್ರಿಕೆಟ್ ಸ್ಟೇಡಿಯಂ. ನಡೆದುಕೊಂಡು ಸಮುದ್ರದ ಕಡೆಗೆ ಬಂದೆವು.

"ಅಮ್ಮಾ, ಜನ ಇಲ್ಲಿಗೆ ಮ್ಯಾಚ್ ನೋಡಲು ಬರ್ತಾರೆ. ನೀನು ಫೇಲಾದ ಮಾರ್ಕ್ಸ್ ಕಾರ್ಡ್ ಹಿಡಿದುಕೊಂಡು ಬಂದಿದ್ದಿ" ಅಂದಳು.

ವಿಶ್ವವಿದ್ಯಾಲಯದ ಸೆನೆಟ್ ಹೌಸ್ ಕಂಡಾಗ ನಾನು ಮೊದಲು ನೋಡಿದ್ದು ಅದರ ಎತ್ತರವನ್ನಲ್ಲ, ಬಣ್ಣವನ್ನು. ಕೆಂಪು ಇಟ್ಟಿಗೆ. ನಾಲ್ಕು ಮೂಲೆಗೂ ಗೋಪುರ, ಗೋಪುರಗಳ ನೆತ್ತಿಯಲ್ಲಿ ಗುಮ್ಮಟ. ಬದಿಯಲ್ಲಿ ಉದ್ದನೆಯ ಕಂಬಸಾಲಿನ ಜಗಲಿ. ಕಂಬದ ತಲೆಯಲ್ಲಿ ಕೆತ್ತನೆ. ದೇವಸ್ಥಾನವಾ, ಮಸೀದಿಯಾ, ಇಗರ್ಜಿಯಾ ಎಂದು ಕೇಳಿದರೆ ಮೂರಕ್ಕೂ ಹೌದು ಅನ್ನಬಹುದು. ಕಟ್ಟಿದ್ದು 1874ರಿಂದ 1879ರ ತನಕ. ನಕ್ಷೆ ರಾಬರ್ಟ್ ಚಿಸಮ್ ಎಂಬ ಎಂಜಿನಿಯರನದ್ದು. ಇದಕ್ಕೆ ಅಂತ ಒಂದು ಸ್ಪರ್ಧೆ ನಡೆದು ಅವನ ನಕ್ಷೆ ಗೆದ್ದಿತ್ತು. ಅದೇ ಬೀಚ್ ರಸ್ತೆಯ ಪ್ರೆಸಿಡೆನ್ಸಿ ಕಾಲೇಜು ಕೂಡ ಅವನದ್ದೇ. ಪಕ್ಕದಲ್ಲಿ ಆರ್ಕಾಟ್ ನವಾಬರ ಹಳೇ ಅರಮನೆ ಇತ್ತಲ್ಲ, ಅದರ ಗುಮ್ಮಟಗಳನ್ನು ನೋಡಿ ನೋಡಿ ಅವನ ಕೈ ಹಾಗೆ ತಿರುಗಿರಬೇಕು. ಇಂಥ ಕಟ್ಟಡಗಳಿಗೆ ಇಂಡೋ ಸಾರ್ಸೆನಿಕ್ ಎಂದು ಹೆಸರು. ನನಗೆ ಅದಕ್ಕಿಂತ ನಮ್ಮ ಕಡೆಯ ಊಟದ ನೆನಪಾಯಿತು. ಒಂದೇ ಎಲೆಯಲ್ಲಿ ಅವಿಯಲೂ ಉಂಟು, ಮೆಣಸ್ಕಾಯಿಯೂ ಉಂಟು, ಸಾಂಬಾರೂ ಉಂಟು. ಯಾವುದೂ ಇನ್ನೊಂದರ ಮೇಲೆ ಬಿದ್ದು ಜಗಳ ಆಡುವುದಿಲ್ಲ.

ಬಾಗಿಲು ಹಾಕಿತ್ತು. ನಾವು ಹೋದ ದಿನ ಯಾವ ಕಾರ್ಯಕ್ರಮವೂ ಇರಲಿಲ್ಲ. ಒಳಗೆ ಒಂದು ದೊಡ್ಡ ಸಭಾಂಗಣ, ಬಣ್ಣದ ಗಾಜಿನ ಕಿಟಕಿ ಎಂದು ಓದಿದ್ದೆ. ಕಿಟಕಿಯನ್ನು ಹೊರಗಿನಿಂದ ನೋಡಿದೆವು. ಬಣ್ಣದ ಗಾಜು ಹೊರಗಿನಿಂದ ನೋಡಿದರೆ ಬರೀ ಕಪ್ಪು. ಅದರ ಬಣ್ಣ ಏನಿದ್ದರೂ ಒಳಗೆ ಕೂತವರಿಗೆ.

ಹಾಗಂತ ಒಳಗೆ ಕೂತವರು ಯಾರೆಲ್ಲ? ಘಟಿಕೋತ್ಸವದವರು ಸರಿ. 1937ರಲ್ಲಿ ಮದ್ರಾಸ್ ವಿಧಾನಸಭೆ ಮೊದಲ ಸಲ ಸೇರಿದ್ದೂ ಈ ಸಭಾಂಗಣದಲ್ಲೇ. ಅಂದರೆ ನಮ್ಮ ದಕ್ಷಿಣ ಕನ್ನಡದಿಂದ ಗೆದ್ದವರೂ ಇಲ್ಲಿ ಕೂತಿದ್ದಾರೆ. ಆ ಜಗಲಿಯಲ್ಲಿ ನಿಂತು ಬಿಡುವಿನಲ್ಲಿ ಎಲೆಅಡಿಕೆ ಹಾಕಿರಬಹುದು. ಉಗುಳಿದ್ದು ಎಲ್ಲಿ ಅಂತ ಮಗಳು ಕೇಳಿದಳು. ನಾನು ಸಮುದ್ರದ ಕಡೆ ಕೈ ತೋರಿಸಿದೆ.

ಈ ವಿಶ್ವವಿದ್ಯಾಲಯದ ಕಾನೂನು ಬಂದದ್ದು 1857ರ ಸೆಪ್ಟೆಂಬರ್ 5ಕ್ಕೆ. ನೋಡಿ, ಹುಟ್ಟಿದ್ದೇ ಸೆಪ್ಟೆಂಬರಿನಲ್ಲಿ. ಕಲ್ಕತ್ತ ಮತ್ತು ಬೊಂಬಾಯಿ ವಿಶ್ವವಿದ್ಯಾಲಯಗಳೂ ಅದೇ ವರ್ಷದವು, ಕೆಲವು ತಿಂಗಳು ಮುಂಚೆ. ಆಚೆ ಉತ್ತರದಲ್ಲಿ ಸಿಪಾಯಿಗಳು ಬಂದೂಕು ಎತ್ತಿದ್ದ ವರ್ಷದಲ್ಲಿ ಇವರು ಪರೀಕ್ಷೆಗೆ ಏರ್ಪಾಟು ಮಾಡುತ್ತಿದ್ದರು. ಪರೀಕ್ಷೆ ಅಂತ ಬೇಕೆಂದೇ ಬರೆದೆ. ಮೂರಕ್ಕೂ ಮಾದರಿ ಲಂಡನ್ ವಿಶ್ವವಿದ್ಯಾಲಯ. ಮೊದಲ ಅರ್ಧ ಶತಮಾನ ಇದು ಪಾಠವನ್ನೇ ಮಾಡಲಿಲ್ಲ. ಕಲಿಸುವುದು ಕಾಲೇಜುಗಳ ಕೆಲಸ. ಪ್ರಶ್ನೆ ಕೇಳುವುದು, ಮಾರ್ಕು ಹಾಕುವುದು, ಪದವಿ ಕೊಡುವುದು ಇದರ ಕೆಲಸ. ಮೊದಮೊದಲ ಪದವೀಧರರೇ ಸಮುದ್ರ ದಾಟಿ ಬಂದ ಜಾಫ್ನಾದವರು. ಆಮೇಲೆ ಒರಿಯಾ ಮಾತಾಡುವ ಗಂಜಾಮಿನಿಂದ ತುಳು ಮಾತಾಡುವ ನಮ್ಮೂರಿನವರೆಗೆ ಎಲ್ಲರೂ ಇದರ ಪ್ರಶ್ನೆಪತ್ರಿಕೆ ಬಿಡಿಸಿದವರೇ. ದಕ್ಷಿಣದಲ್ಲಿ ಮೈಸೂರು ಬೇರೆಯಾದದ್ದು 1916ರಲ್ಲಿ, ಆಂಧ್ರ 1926ರಲ್ಲಿ, ಅಣ್ಣಾಮಲೈ 1929ರಲ್ಲಿ. ಕೂಡುಕುಟುಂಬದಿಂದ ಒಬ್ಬೊಬ್ಬರೇ ಪಾಲು ಮಾಡಿಕೊಂಡು ಹೋದ ಹಾಗೆ. ಕೊನೆಯವರೆಗೆ ಪಾಲು ಕೇಳದೆ ಮೂಲೆಯಲ್ಲಿ ಇದ್ದವರು ನಾವು. ಆಮೇಲೆ ನಮ್ಮನ್ನೇ ಪಾಲು ಮಾಡಿದರು.

ಜಗಲಿಯ ಬುಡದಲ್ಲಿ ನಾನು ಝೆರಾಕ್ಸ್ ಹಿಡಿದು ನಿಂತೆ. ಮಗಳು ಫೋಟೋ ತೆಗೆಯುತ್ತಿದ್ದಳು. ಕಾವಲಿನವರು ಎದ್ದು ಬಂದರು. ಅರುವತ್ತರ ಹತ್ತಿರದ ವಯಸ್ಸು, ಹಣೆಯಲ್ಲಿ ವಿಭೂತಿ. ಬೈಯುತ್ತಾರೆ ಅಂದುಕೊಂಡೆ. ಇಲ್ಲ, ಕಾಗದ ಏನೆಂದು ಕೇಳಿದರು. ನನ್ನ ತಮಿಳು ಅಂದರೆ ಮಲಯಾಳವನ್ನೇ ಸ್ವಲ್ಪ ಎಳೆದು ಆಡುವುದು. ಅದರಲ್ಲೇ ಹೇಳಿದೆ.

"ತಾತಾ ಡಿಗ್ರಿಯಾ?" ಎಂದರು ಗೌರವದಲ್ಲಿ.

"ಇಲ್ಲ. ಫೇಲ್."

ಅವರಿಗೆ ನಗು ತಡೆಯಲಿಲ್ಲ. ತಾನೂ ಪ್ಲಸ್ ಟೂ ಫೇಲು, ಆದರೂ ನೋಡಿ, ದಿನಾ ಯೂನಿವರ್ಸಿಟಿಗೆ ಬರುತ್ತೇನೆ ಎಂದರು. ಆಮೇಲೆ ಮಾಮೂಲಿ ಪ್ರಶ್ನೆ. ಯಾವೂರು? ಕಾಸರಗೋಡು. ಹಾಗಾದರೆ ಮಲಯಾಳಿ. ಅಲ್ಲ, ಕನ್ನಡ. ಕೇರಳದಲ್ಲಿ ಕನ್ನಡವಾ?

ಈ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ನನಗೆ ಬಾಯಿಪಾಠ ಆಗಿದೆ. ಬೆಂಗಳೂರಿನಲ್ಲಿ ಇದರದ್ದೇ ಇನ್ನೊಂದು ರೂಪ. "ಕೇರಳದವರಾ? ಕನ್ನಡ ಎಷ್ಟು ಚೆನ್ನಾಗಿ ಮಾತಾಡ್ತೀರಿ!" ಅಂತ ಹೊಗಳುತ್ತಾರೆ. ಆ ಹೊಗಳಿಕೆ ಕೇಳಿದಾಗ ಅಳಬೇಕಾ ನಗಬೇಕಾ ಗೊತ್ತಾಗುವುದಿಲ್ಲ. ಅದರ ಮೇಲೆ ನಮ್ಮ 'ಉಂಟು' ಕೇಳಿ ಒಂದು ನಗೆ. ಯಾವುದೋ ನಾಟಕದ ಮಾತು ಅನ್ನುವ ಹಾಗೆ. ಮಗಳು ಬೆಂಗಳೂರಿನಲ್ಲಿ ಆರು ತಿಂಗಳು ಇದ್ದಾಗ 'ಇದೆ' ಅನ್ನಲು ಕಲಿತು ಬಂದಿದ್ದಳು. ಅಪ್ಪ ಅವಳನ್ನು ಎರಡು ದಿನ ಅತಿಥಿಯ ಹಾಗೆ ನೋಡಿದರು.

ಕಾವಲಿನವರಿಗೆ ನಾನು ಗಟ್ಟಿ ಉತ್ತರ ಕೊಡಲಿಲ್ಲ. "ಮೊದಲು ನಾವೂ ಮದ್ರಾಸೇ" ಎಂದೆ. ಅವರಿಗೆ ಅಷ್ಟು ಸಾಕಾಯಿತು. ಯಾಕೆಂದರೆ ಅವರ ಊರು ನಾಗರಕೋಯಿಲ್. ಅವರದ್ದು ನಮ್ಮ ಕಥೆಯ ತಿರುಗುಮುರುಗು. ಅಲ್ಲಿನವರು 1956ರ ತನಕ ತಿರುವಿದಾಂಕೂರು ಕಡೆ ಇದ್ದು, ಅದೇ ನವೆಂಬರ್ 1ಕ್ಕೆ ಮದ್ರಾಸಿಗೆ ಬಂದವರು. ನಾವು ಹೋದ ಬಾಗಿಲಲ್ಲೇ ಅವರು ಬಂದದ್ದು. ಬಿಸಿಲು ಏರಿತ್ತು. ಕುಡಿಯಲು ನೀರು ಎಲ್ಲಿ ಸಿಗುತ್ತದೆ ಎಂದು ಕೇಳಿದೆ. ಮರದ ಆಚೆ ಕೈ ತೋರಿಸಿ ಅವರು ಹೇಳಿದರು, "ಅಂಗೆ ತಣ್ಣಿ ಉಂಡು."

ಉಂಡು! ಚೆನ್ನೈಯಲ್ಲಿ ಎಲ್ಲರೂ 'ಇರುಕ್ಕು' ಅನ್ನುವಾಗ ಈ ದಕ್ಷಿಣದ ಮೂಲೆಯವರು ಉಂಡು ಅಂದರು. ತುಳುವಿನಲ್ಲಿ ನಾವು ಅನ್ನುವುದೂ ಉಂಡು. ಮಲಯಾಳದಲ್ಲಿ ಉಂಡ್. ಕನ್ನಡದಲ್ಲಿ ಉಂಟು. ಮಗಳು ನನ್ನ ಮುಖ ನೋಡಿ, "ಅಮ್ಮಾ, ನೀರು ಉಂಟು ಅಂತ ಹೇಳಿದ್ದಕ್ಕೆ ಇಷ್ಟು ಖುಷಿಯಾ?" ಎಂದಳು.

ನೀರು ಕುಡಿದು ಲೈಬ್ರರಿಯ ಕಡೆ ಬಂದೆವು. ಗಡಿಯಾರದ ಗೋಪುರ ಇರುವ ಕಟ್ಟಡ, 1936ರದ್ದು. ಇದರ ಕಥೆ ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ನಮ್ಮ ಶಾಲೆಯ ಲೈಬ್ರರಿ ನನ್ನ ಕೈಯಲ್ಲೇ ಇರುವುದು. ಪುಸ್ತಕದ ಬೆನ್ನಿಗೆ ಚೀಟಿ ಅಂಟಿಸುವ ಪ್ರತಿ ಸಲವೂ ಎಸ್.ಆರ್. ರಂಗನಾಥನ್ ಹೆಸರು ನೆನಪಾಗುತ್ತದೆ. ಅವರು 1917ರಲ್ಲಿ ಗಣಿತದ ಮೇಷ್ಟ್ರಾಗಿ ಕೆಲಸಕ್ಕೆ ಸೇರಿದ್ದು ಎಲ್ಲಿ? ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ. ಅಜ್ಜ ಇಂಟರ್ ಓದಿದ ಕಾಲೇಜು ಅದೇ! ಅಜ್ಜ ಅಲ್ಲಿಗೆ ಹೋಗುವ ಹೊತ್ತಿಗೆ ರಂಗನಾಥನ್ ಮದ್ರಾಸಿಗೆ ಬಂದು ವರ್ಷಗಳಾಗಿತ್ತು. ಅವರು ಅಲ್ಲೇ ಇದ್ದಿದ್ದರೆ ಅಜ್ಜ ಪಾಸಾಗುತ್ತಿದ್ದರಾ? ನನಗೆ ನಂಬಿಕೆ ಇಲ್ಲ. ವಾಲಿಯ ಎದುರು ಯಾವ ಮೇಷ್ಟ್ರೂ ನಿಲ್ಲುವುದಿಲ್ಲ.

1924ರ ಜನವರಿಯಲ್ಲಿ ರಂಗನಾಥನ್ ಮದ್ರಾಸ್ ವಿಶ್ವವಿದ್ಯಾಲಯದ ಲೈಬ್ರರಿಯನ್ ಆದರು. ಕೆಲವೇ ದಿನಗಳಲ್ಲಿ ಬೇಜಾರು ಹಿಡಿಯಿತು. ಹುಡುಗರಿಲ್ಲ, ಬೋರ್ಡಿಲ್ಲ, ಸುಮ್ನೆ ಪುಸ್ತಕಗಳ ನಡುವೆ ಕೂರಬೇಕು. ವಾಪಸು ಪಾಠಕ್ಕೆ ಹೋಗುತ್ತೇನೆ ಎಂದು ಹೊರಟಿದ್ದವರು ಇಂಗ್ಲೆಂಡಿಗೆ ಹೋಗಿ ಅಲ್ಲಿನ ಲೈಬ್ರರಿಗಳನ್ನು ನೋಡಿ ಬಂದ ಮೇಲೆ ಅಲ್ಲಿಂದ ಏಳಲೇ ಇಲ್ಲ. ಲಂಡನ್ನಿನ ಒಂದು ಅಂಗಡಿಯಲ್ಲಿ ಮಕ್ಕಳ ಮೆಕ್ಯಾನೋ ಸೆಟ್ ನೋಡಿದರಂತೆ. ಅದೇ ಪಟ್ಟಿ, ಅದೇ ಬೋಲ್ಟು, ಜೋಡಿಸುವ ಕ್ರಮ ಬದಲಾದರೆ ಒಮ್ಮೆ ಕ್ರೇನು, ಒಮ್ಮೆ ಸೇತುವೆ. ಪುಸ್ತಕದ ವಿಷಯವನ್ನೂ ಹಾಗೇ ತುಂಡು ತುಂಡಾಗಿ ಜೋಡಿಸಬಹು​ದಲ್ಲಾ ಎಂಬ ಯೋಚನೆಯಿಂದ ಹುಟ್ಟಿದ್ದು ಅವರ ಕೋಲನ್ ವರ್ಗೀಕರಣ, 1933. ಅದಕ್ಕೆ ಎರಡು ವರ್ಷ ಮುಂಚೆ ಲೈಬ್ರರಿಗೆ ಐದು ಸೂತ್ರ ಬರೆದಿದ್ದರು. ಮೊದಲನೆಯದು, ಪುಸ್ತಕ ಇರುವುದು ಬಳಸುವುದಕ್ಕೆ. ಕೇಳಲು ಎಷ್ಟು ಸುಲಭ! ಕಪಾಟಿಗೆ ಬೀಗ ಹಾಕಿ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡವರನ್ನು ನಾನು ಕಂಡಿದ್ದೇನೆ. ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನೂ ಹಾಗೇ ಇದ್ದೆ. ಮಕ್ಕಳು ಹರಿದರೆ ನನ್ನ ಸಂಬಳದಿಂದ ಹಿಡಿಯುತ್ತಾರೆ ಅಂತ ಭಯ.

ಇನ್ನೊಂದು ತಮಾಷೆ. ಗಣಿತದಲ್ಲಿ ಫೇಲಾದವನ ಮೊಮ್ಮಗಳು ನಾನು. ಅದೇ ಆವರಣದಲ್ಲಿ ರಾಮಾನುಜನ್ ಹೆಸರಿನ ಗಣಿತ ಸಂಸ್ಥೆ ಉಂಟು. ರಾಮಾನುಜನ್ ಇದೇ ವಿಶ್ವವಿದ್ಯಾಲಯದ ಎಫ್.ಎ. ಪರೀಕ್ಷೆ ಪಾಸಾಗದವರು. ಎಫ್.ಎ. ಅಂದರೆ ಇಂಟರ್‌ಗಿಂತ ಹಿಂದಿನ ಇಂಟರ್. ಅವರಿಗೆ ಗಣಿತ ಬಿಟ್ಟು ಬೇರೆ ಎಂತದೂ ಬೇಡವಾಗಿತ್ತು. ಅಜ್ಜನಿಗೆ ಗಣಿತ ಬಿಟ್ಟು ಬೇರೆ ಎಲ್ಲ ಬೇಕಿತ್ತು. 1913ರಲ್ಲಿ ಅದೇ ವಿಶ್ವವಿದ್ಯಾಲಯ ರಾಮಾನುಜನ್‌ರಿಗೆ ತಿಂಗಳಿಗೆ 75 ರೂಪಾಯಿಯ ಸಂಶೋಧನಾ ವೇತನ ಕೊಟ್ಟಿತು, ಡಿಗ್ರಿ ಇಲ್ಲದವರಿಗೆ. ತನ್ನ ನಿಯಮ ತಾನೇ ಬದಿಗಿಟ್ಟು ಹಾಗೆ ಕೊಡಲು ಧೈರ್ಯ ಬೇಕು. ಅಜ್ಜನ ಬತ್ತಳಿಕೆಯಲ್ಲಿ ಇದು ಎರಡನೇ ಬಾಣ. ಪೈಗಳ ನಂತರ ರಾಮಾನುಜನ್. ಇಬ್ಬರ ಹೆಸರು ಹೇಳಿ ಒಂದು ಸಣ್ಣ ನಿಲುಗಡೆ ಕೊಡುತ್ತಿದ್ದರು, ಮೂರನೇ ಹೆಸರನ್ನು ನಾವೇ ಹೇಳಲಿ ಅಂತ.

ಮಧ್ಯಾಹ್ನ ಊಟ ಮಾಡಿ ಬೀಚ್ ರಸ್ತೆಯಲ್ಲೇ ದಕ್ಷಿಣಕ್ಕೆ ಆಟೋ ಹಿಡಿದೆವು. ಭಾಷೆಗಳ ವಿಭಾಗಗಳು ಇರುವುದು ಅಲ್ಲಿ, ಮರೀನಾ ಕ್ಯಾಂಪಸ್ಸಿನಲ್ಲಿ. ಇದು ಸೆನೆಟ್ ಹೌಸಿನ ಹಾಗೆ ನಿಂತು ನೋಡುವ ಕಟ್ಟಡ ಅಲ್ಲ. ಯಾವ ಊರಿನ ಕಾಲೇಜೂ ಆಗಬಹುದಿತ್ತು. ಕನ್ನಡ ಇಲ್ಲಿಗೆ ಬಂದದ್ದು 1920ರ ದಶಕದಲ್ಲಿ, ಸಂಸ್ಕೃತ, ತಮಿಳು, ತೆಲುಗು, ಮಲಯಾಳಗಳ ಜೊತೆ ಜೊತೆಗೆ. ಶನಿವಾರ ಮಧ್ಯಾಹ್ನ, ಯಾರೂ ಇರಲಿಲ್ಲ. ಫಲಕದಲ್ಲಿ ಕನ್ನಡ ವಿಭಾಗದ ಹೆಸರು ಓದಿ ಅಲ್ಲೇ ಮೆಟ್ಟಿಲಲ್ಲಿ ಕೂತೆವು. ನಾನು ನಿಜವಾಗಿ ನೋಡಬೇಕಿದ್ದ ಜಾಗ ಸೆನೆಟ್ ಹೌಸ್ ಅಲ್ಲ, ಇದು.

ನಮ್ಮ ಶಾಲೆಯ ಕಪಾಟಿನ ಕೆಳಗಿನ ಅಂಕಣದಲ್ಲಿ ನಾಲ್ಕು ದಪ್ಪ ಸಂಪುಟ ಇವೆ. ಕಿಟೆಲರ ಕನ್ನಡ ಇಂಗ್ಲಿಷ್ ನಿಘಂಟು. ಕಿಟೆಲರು ಅದನ್ನು ಮೊದಲು ಹೊರತಂದದ್ದು 1894ರಲ್ಲಿ, ಮಂಗಳೂರಿನ ಬಾಸೆಲ್ ಮಿಷನ್ ಮೂಲಕ. ಸುಮಾರು 70,000 ಪದ. ನಮ್ಮಲ್ಲಿರುವುದು ಅದಲ್ಲ, ಆಮೇಲೆ ಪರಿಷ್ಕರಿಸಿ ಹಿಗ್ಗಿಸಿದ್ದು. ಅದನ್ನು ಮಾಡಿದವರು ಎಂ. ಮರಿಯಪ್ಪ ಭಟ್ಟರು, ನಮ್ಮ ದಕ್ಷಿಣ ಕನ್ನಡದವರೇ, ಇಲ್ಲಿ ಕನ್ನಡದ ಪ್ರಾಧ್ಯಾಪಕರಾಗಿದ್ದವರು. ಅಚ್ಚಾದದ್ದು 1968ರಿಂದ 1971ರ ನಡುವೆ, ಹೊರತಂದದ್ದು ಮದ್ರಾಸ್ ವಿಶ್ವವಿದ್ಯಾಲಯ. ಇಸವಿ ಇನ್ನೊಮ್ಮೆ ನೋಡಿ. ಆ ಹೊತ್ತಿಗೆ ಮದ್ರಾಸಿನಲ್ಲಿ ಒಂದು ಕನ್ನಡ ಜಿಲ್ಲೆಯೂ ಉಳಿದಿರಲಿಲ್ಲ. ದಕ್ಷಿಣ ಕನ್ನಡ ಮೈಸೂರಿಗೆ ಹೋಗಿತ್ತು, ಬಳ್ಳಾರಿ ಅದಕ್ಕೂ ಮುಂಚೆ 1953ರಲ್ಲೇ ಹೋಗಿತ್ತು, ನಾವು ಕೇರಳ. ಪಾಲಾಗಿ ಎಲ್ಲರೂ ಮನೆ ಬಿಟ್ಟ ಮೇಲೂ ಯಾರೋ ಒಬ್ಬರು ಹಳೇ ಮನೆಯಲ್ಲಿ ದೀಪ ಹಚ್ಚಿಕೊಂಡು ಎಲ್ಲರ ಪಾತ್ರೆ ಲೆಕ್ಕ ಬರೆದಿಟ್ಟ ಹಾಗೆ. 1967ರಲ್ಲಿ ಇದೇ ಭಟ್ಟರು ಶಂಕರ ಕೆದಿಲಾಯರ ಜೊತೆ ಸೇರಿ ತುಳು ಇಂಗ್ಲಿಷ್ ನಿಘಂಟನ್ನೂ ಇಲ್ಲಿಂದ ತಂದರು. ತುಳುವಿಗೆ ಯಾವ ರಾಜ್ಯವೂ ಇರಲಿಲ್ಲ. ಮದ್ರಾಸಿನ ಸಮುದ್ರದ ಬದಿಯಲ್ಲಿ ಒಂದು ಮೇಜು ಇತ್ತು.

ಕಿಟೆಲರ ನಿಘಂಟಿನ ಒಂದು ಕ್ರಮ ನನಗೆ ಇಷ್ಟ. ಕನ್ನಡ ಪದದ ಜೊತೆಯಲ್ಲೇ ತಮಿಳು, ತೆಲುಗು, ಮಲಯಾಳ, ತುಳುವಿನ ಸೋದರ ಪದಗಳನ್ನೂ ಹೇಳಿಬಿಡುತ್ತಾರೆ, ಮನೆಗೆ ಬಂದವರಿಗೆ ಅಕ್ಕತಂಗಿಯರ ಪರಿಚಯ ಮಾಡಿಸುವ ಹಾಗೆ. ಎಂಟನೇ ಕ್ಲಾಸಿನ ಮಕ್ಕಳಿಗೆ ನಾನು ಒಂದು ಆಟ ಆಡಿಸುತ್ತೇನೆ. ಒಂದು ಪದ ಕೊಟ್ಟು, ಮನೆಯಲ್ಲಿ, ಪಕ್ಕದ ಮನೆಯಲ್ಲಿ, ಬಸ್ಸಿನಲ್ಲಿ ಅದನ್ನು ಹೇಗೆಲ್ಲ ಹೇಳುತ್ತಾರೆ ಕೇಳಿಕೊಂಡು ಬನ್ನಿ ಎನ್ನುವುದು. ನಮ್ಮ ಮಕ್ಕಳಿಗೆ ಮನೆಯಲ್ಲಿ ಒಂದು, ಅಂಗಳದಲ್ಲಿ ಒಂದು, ಬಸ್ಸಿನಲ್ಲಿ ಇನ್ನೊಂದು ಭಾಷೆ. ಅವರು ನಾಲ್ಕು ಪದ ತರುತ್ತಾರೆ, ಆಮೇಲೆ ನಾವು ಸಂಪುಟ ಬಿಡಿಸಿ ತಾಳೆ ನೋಡುತ್ತೇವೆ. ಸಂಪುಟ ಎತ್ತಿ ತರಲು ಮಾತ್ರ ಇಬ್ಬರು ಬೇಕು. ಆ ಕೆಲಸಕ್ಕೆ ಜಗಳ ಆಗುತ್ತದೆ, ಯಾಕೆಂದರೆ ಎತ್ತಿ ತರುವಷ್ಟು ಹೊತ್ತು ಕ್ಲಾಸಿನಿಂದ ಹೊರಗೆ ಇರಬಹುದು. ರಜೆ ಮುಗಿದ ಮೇಲಿನ ಮೊದಲ ಪದ 'ಉಂಟು' ಎಂದು ಮೆಟ್ಟಿಲಲ್ಲಿ ಕೂತೇ ನಿರ್ಧಾರ ಮಾಡಿದೆ.

ಸಂಜೆ ರಸ್ತೆ ದಾಟಿ ಮರಳಿಗೆ ಹೋದೆವು. ಅಷ್ಟು ಅಗಲದ ಮರಳು ನಮ್ಮ ಕಡೆ ಎಲ್ಲಿಯೂ ಇಲ್ಲ. ನಡೆದು ನಡೆದು ನೀರು ಸಿಗುವ ಹೊತ್ತಿಗೆ ಕಾಲು ಸೋತಿತ್ತು. ಸುಂಡಲ್ ಮಾರುವ ಹುಡುಗ ಬಂದ. ಬಟಾಣಿಯ ಮೇಲೆ ಮಾವಿನಕಾಯಿ ಚೂರು, ತೆಂಗಿನಕಾಯಿ ತುರಿ. ತಿನ್ನುತ್ತಾ ಕೂತಾಗ ಒಂದು ಸಣ್ಣ ಗಲಿಬಿಲಿ ಆಯಿತು. ಸೂರ್ಯ ಮುಳುಗುವುದನ್ನು ನೋಡಲು ನಾನು ನೀರಿನ ಕಡೆಗೇ ಮುಖ ಮಾಡಿ ಕೂತಿದ್ದೆ. ಹುಟ್ಟಿದಾಗಿನಿಂದ ಅಭ್ಯಾಸ ಅದು, ಅಲ್ವಾ? ಮಗಳು ನನ್ನ ಹೆಗಲು ಹಿಡಿದು ಹಿಂದಕ್ಕೆ ತಿರುಗಿಸಿದಳು. ಸೂರ್ಯ ಊರಿನ ಕಡೆ, ಕಟ್ಟಡಗಳ ಹಿಂದೆ ಇಳಿಯುತ್ತಿದ್ದ.

ಅಪ್ಪನಿಗೆ ಫೋನ್ ಮಾಡಿದೆ. ಅವರು ಅದಕ್ಕೇ ಕಾಯುತ್ತಿದ್ದರು ಅಂತ ಕಾಣುತ್ತದೆ, ಒಂದೇ ರಿಂಗಿಗೆ ಎತ್ತಿದರು. ಕಟ್ಟಡದ ಬಣ್ಣ, ಗೋಪುರ, ಲೈಬ್ರರಿ, ನಾಗರಕೋಯಿಲಿನವರು, ಎಲ್ಲ ಹೇಳಿದೆ. ಅಪ್ಪ ಹೂಂ ಹೂಂ ಅಂದರು. ಅವರಿಗೆ ಬೇಕಾದದ್ದು ಬೇರೆ.

"ಆ ದೊಡ್ಡ ಹಾಲಿನ ಒಳಗೆ ಹೋದೆಯಾ?"

"ಇಲ್ಲ ಅಪ್ಪ. ಬಾಗಿಲು ಹಾಕಿತ್ತು."

ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಅಪ್ಪ ನಗಲು ಶುರು ಮಾಡಿದರು. ಕೆಮ್ಮು ಬರುವಷ್ಟು ನಕ್ಕರು.

"ಪರವಾಗಿಲ್ಲ ಮಗಳೇ," ಅಂದರು. "ಸೆಪ್ಟೆಂಬರಿಗೆ ಕಟ್ಟಿದರಾಯಿತು."